ಶ್ರುತಿ ತಪ್ಪಿದ್ದು ಗಂಟಲಲ್ಲ, ಕಿವಿ!

ಉಜಿರೆ ದಾಟಿ ಚಾರ್ಮಾಡಿ ಕಡೆಗೆ ಹೋಗುವ ಬಸ್ಸು ಮುಂಡಾಜೆಯ ಸೋಮಂತಡ್ಕದಲ್ಲಿ ನಿಂತಾಗ ಹತ್ತಿದವರ ಬಾಯಲ್ಲಿ ಮೂರೇ ವಿಷಯ: ಮಳೆ, ಅಡಿಕೆ ರೇಟು, ನಿನ್ನೆ ರಾತ್ರಿಯ ಆಟ. ಆಟದ ಮಾತು ಬಂತೆಂದರೆ ವೇಷಧಾರಿಗಳಿಗಿಂತ ಮೊದಲು ತೀರ್ಪು ಬೀಳುವುದು ಹಿಮ್ಮೇಳದ ಮೇಲೆ. "ಭಾಗವತರಿಗೆ ನಿನ್ನೆ ಶ್ರುತಿಯೇ ಹಿಡೀಲಿಲ್ಲ ಮಾರಾಯ್ರೆ!" ಎಂದು ಒಬ್ಬರು ಹೇಳಿದರೆ ಸಾಕು, ಕಾರಣ ಹೇಳಲು ಹತ್ತು ಮಂದಿ ತಯಾರು. ಗಂಟಲು ಹೋಗಿದೆ ಎನ್ನುವವರು ಕೆಲವರು, ವಯಸ್ಸಾಯ್ತಲ್ಲ ಎನ್ನುವವರು ಕೆಲವರು. "ಸ್ವಲ್ಪ ಹೆಚ್ಚಾಗಿರ್ಬೇಕು" ಎಂದು ಕಣ್ಣು ಮಿಟುಕಿಸುವವರೂ ಇದ್ದಾರೆ.

ಕಿವಿ ಕೆಟ್ಟಿರಬಹುದು ಅಂತ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಹಾಡುವವನು ಗಂಟಲಿನಿಂದ ಹಾಡುತ್ತಾನೆ ಎಂಬುದು ನಮ್ಮ ನಿಮ್ಮ ಲೆಕ್ಕ. ಆದರೆ ಗಂಟಲಿಗೆ ದಾರಿ ತೋರಿಸುವುದು ಕಿವಿ. ಕಿವಿ ಅರ್ಧ ಮನೆ ಆಚೀಚೆ ಕೇಳಿಸಿತೋ, ಗಂಟಲು ಎಷ್ಟೇ ಗಟ್ಟಿ ಇರಲಿ, ನಿಯತ್ತಾಗಿ ಅರ್ಧ ಮನೆ ಆಚೀಚೆಯೇ ಹಾಡುತ್ತದೆ! ಸಭೆಗೆ ತಪ್ಪು ಕೇಳುತ್ತದೆ. ಹಾಡುವವನಿಗೆ ಸರಿಯಾಗಿಯೇ ಇದೆ ಅನಿಸುತ್ತದೆ. ಇದಕ್ಕಿಂತ ದೊಡ್ಡ ಅವಮಾನ ಕಲಾವಿದನಿಗೆ ಇನ್ನೇನು ಬೇಕು?

ಇದು ಬರೇ ಊಹೆಯ ಮಾತಲ್ಲ. 1988ರ 'ತೇಜಾಬ್' ಸಿನಿಮಾದ 'ಏಕ್ ದೋ ತೀನ್' ಹಾಡಿದ ಅಲ್ಕಾ ಯಾಗ್ನಿಕ್ ಅವರ ಹೆಸರು ಗೊತ್ತಿಲ್ಲದ ಕ್ಯಾಸೆಟ್ ಅಂಗಡಿ ಆ ಕಾಲದಲ್ಲಿ ಇರಲಿಲ್ಲ. 2024ರ ಜೂನ್ ತಿಂಗಳಲ್ಲಿ ಅವರು ತಾವಾಗಿಯೇ ಜನರಿಗೆ ಒಂದು ಸಂಗತಿ ತಿಳಿಸಿದರು. ಕೆಲವು ವಾರಗಳ ಹಿಂದೆ ವಿಮಾನದಿಂದ ಇಳಿದು ಬರುವಾಗ ಇದ್ದಕ್ಕಿದ್ದಂತೆ ಏನೂ ಕೇಳಿಸದೆ ಹೋಯಿತು. ವೈರಸ್ ಸೋಂಕಿನಿಂದ ಕಿವಿಯ ನರಕ್ಕೆ ಪೆಟ್ಟಾಗಿದೆ ಎಂದು ವೈದ್ಯರು ಹೇಳಿದ್ದಾರೆ. ಇಷ್ಟು ದಿನ ಎಲ್ಲಿಗೆ ಮಾಯವಾದಿರಿ ಎಂದು ಕೇಳುತ್ತಿದ್ದವರಿಗೆ ಇದೇ ಉತ್ತರ ಎಂಬ ಅರ್ಥದ ಮಾತು. ದೊಡ್ಡ ಸದ್ದಿನ ಸಂಗೀತ, ಹೆಡ್‌ಫೋನು, ಇವುಗಳ ಬಗ್ಗೆ ಜಾಗ್ರತೆ ಎಂದೂ ಕಿರಿಯರಿಗೆ ಹೇಳಿದರು. ಅಷ್ಟು ಹೆಸರಿದ್ದವರಿಗೂ ವಿಷಯ ಹೊರಗೆ ಹಾಕಲು ವಾರಗಟ್ಟಲೆ ಧೈರ್ಯ ಕೂಡಿಸಬೇಕಾಯಿತು ಅಂದ ಮೇಲೆ, ರಾತ್ರಿಯ ಸಂಭಾವನೆಯಲ್ಲಿ ಮನೆ ನಡೆಸುವ ನಮ್ಮ ಊರಿನ ಚೆಂಡೆಯವರು, ಮದ್ದಳೆಯವರು, ಸ್ಯಾಕ್ಸೋಫೋನಿನವರು ಬಾಯಿ ಬಿಡುತ್ತಾರೆಯೇ? ಕಿವಿ ಕೇಳುವುದಿಲ್ಲ ಎಂದು ಗೊತ್ತಾದರೆ ಮುಂದಿನ ವರ್ಷದ ತಿರುಗಾಟಕ್ಕೆ ಹೆಸರು ಉಂಟೋ ಇಲ್ಲವೋ ಎಂಬ ಹೆದರಿಕೆ.

ಹಾಗೆ ಮುಚ್ಚಿಟ್ಟುಕೊಳ್ಳುವ ದಿನಗಳೇ ಚಿಕಿತ್ಸೆಯ ದಿನಗಳು ಎಂಬುದು ಈ ಕಾಯಿಲೆಯ ಕ್ರೂರ ಲೆಕ್ಕ.

ರಾತ್ರಿ ಸರಿಯಾಗಿದ್ದ ಕಿವಿ ಬೆಳಗ್ಗೆ ಏಳುವಾಗ ಇಲ್ಲ. ಸಾಮಾನ್ಯವಾಗಿ ಒಂದೇ ಕಿವಿ. ಕೆಲವರಿಗೆ 'ಟಪ್' ಎಂದು ಒಂದು ಸದ್ದು, ಆಮೇಲೆ ಜೀರುಂಡೆಯ ಹಾಗೆ ಒಳಗೇ ಗುಂಯ್ಗುಡುವುದು, ಕೆಲವರಿಗೆ ತಲೆ ತಿರುಗುವುದು. ಮೂರು ದಿನದೊಳಗೆ, ಅಂದರೆ 72 ಗಂಟೆಯೊಳಗೆ, ಅಕ್ಕಪಕ್ಕದ ಮೂರು ಸ್ವರಸ್ಥಾನಗಳಲ್ಲಿ 30 ಡೆಸಿಬಲ್‌ನಷ್ಟಾದರೂ ಕೇಳುವ ಶಕ್ತಿ ಇಳಿದರೆ ವೈದ್ಯರು ಇದನ್ನು ಹಠಾತ್ ನರದ ಕಿವುಡು ಎಂದು ಕರೆಯುತ್ತಾರೆ. ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಕಾರಣ ಇಂಥದ್ದೇ ಎಂದು ಸಿಕ್ಕುವುದಿಲ್ಲ. ವೈರಸ್ ಇರಬಹುದು, ಒಳಗಿವಿಗೆ ಹೋಗುವ ಕೂದಲೆಳೆಯಂಥ ರಕ್ತನಾಳ ಕಟ್ಟಿರಬಹುದು. ಅಪರೂಪಕ್ಕೆ ನರದ ಮೇಲೆ ಸಣ್ಣ ಗಡ್ಡೆ ಇರುವುದೂ ಉಂಟು. ಅದನ್ನು ನೋಡಲಿಕ್ಕೇ ಎಂ.ಆರ್.ಐ. ಮಾಡಿಸುವುದು.

ಮದ್ದು ಇದೆ. ಸ್ಟೆರಾಯ್ಡ್ ಮಾತ್ರೆ, ಇಲ್ಲವೇ ತಮಟೆಯ ಮೂಲಕ ನಡುಗಿವಿಗೇ ಕೊಡುವ ಇಂಜೆಕ್ಷನ್. ಸಕ್ಕರೆ ಕಾಯಿಲೆಯವರಿಗೆ ಮಾತ್ರೆಯಿಂದ ಸಕ್ಕರೆ ಏರುವುದರಿಂದ ವೈದ್ಯರು ಲೆಕ್ಕ ಹಾಕಿಯೇ ಕೊಡಬೇಕು. ಆದರೆ ಇದಕ್ಕೆ ಗಡು ಉಂಟು. ಮೊದಲ ಕೆಲವು ದಿನ ಅತ್ಯುತ್ತಮ, ಎರಡು ವಾರದೊಳಗೆ ಆದೀತು. ಆರು ವಾರ ದಾಟಿದ ಮೇಲೆ ಹೋದರೆ ವೈದ್ಯರಿಗೆ ಮಾಡಲಿಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಕೆಲವರಿಗೆ ತನ್ನಷ್ಟಕ್ಕೇ ಗುಣವಾಗುವುದೂ ಇದೆ ನಿಜ. ಆ ಕೆಲವರಲ್ಲಿ ತಾನೂ ಒಬ್ಬ ಎಂದು ಕಾದು ಕೂರುವುದು ಮಟ್ಕಾ ಆಡಿದ ಹಾಗೆ.

ನಮ್ಮಲ್ಲಿ ಆಗುವುದೇನು? "ಶೀತ ಆಗಿ ಕಿವಿ ಕಟ್ಟಿದೆ, ನಾಲ್ಕು ದಿನದಲ್ಲಿ ಬಿಡ್ತದೆ." ಮೊದಲ ದಿನ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ. ಎರಡನೇ ದಿನ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಕಿವಿಯ ಡ್ರಾಪ್ಸ್. ಮೂರನೇ ದಿನ ಆಟ ಉಂಟು, ಬಿಡುವ ಹಾಗಿಲ್ಲ. ವಾರ ಕಳೆದ ಮೇಲೆ ಯಾರೋ ಹೇಳಿ ಡಾಕ್ಟರರ ನೆನಪು. ಮುಂಡಾಜೆಯಿಂದ ಮಂಗಳೂರಿಗೆ 70 ಕಿಲೋಮೀಟರಿನ ಆಸುಪಾಸು. ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆಗೆ ವಾಪಸು, ಒಂದು ದಿನದ ಸಂಪಾದನೆ ಖೋತಾ. ಅದಕ್ಕೇ ನಾಳೆ ನೋಡುವಾ, ನಾಡಿದ್ದು ನೋಡುವಾ.

ಶೀತದ ಕಿವಿಯೋ ನರದ ಕಿವಿಯೋ ಎಂದು ಮನೆಯಲ್ಲೇ ಒಂದು ಅಂದಾಜು ಮಾಡಲಿಕ್ಕೆ ಸಾಧ್ಯ ಉಂಟು; ಹಾಡುವವರಿಗಂತೂ ಬಲು ಸುಲಭ. ಬಾಯಿ ಮುಚ್ಚಿ 'ಮ್‌ಮ್‌ಮ್' ಎಂದು ಒಂದೇ ಸ್ವರದಲ್ಲಿ ಗುನುಗಿ. ಕಟ್ಟಿದ ಕಿವಿಯಲ್ಲೇ ಆ ಸದ್ದು ಜೋರಾಗಿ ಕೇಳಿದರೆ ಹೆಚ್ಚಾಗಿ ಮೇಣವೋ ಶೀತವೋ ಅಡ್ಡ ನಿಂತಿದೆ. ಸದ್ದು ಒಳ್ಳೆಯ ಕಿವಿಯ ಕಡೆಗೇ ವಾಲಿದರೆ ನರದ ಮೇಲೆ ಸಂಶಯ. ಆಗ ಅದೇ ದಿನ ಬಸ್ಸು ಹತ್ತಬೇಕು. ಇದೇ ಅಂತಿಮ ಪರೀಕ್ಷೆ ಅಲ್ಲ. ಸಂಶಯವಿದ್ದರೆ ಹೇಗೂ ಹೋಗುವುದೇ ಒಳ್ಳೆಯದು. ವೈದ್ಯರು ಶ್ರುತಿಕವಲು ತಟ್ಟಿ ನೆತ್ತಿಯ ಮೇಲಿಟ್ಟು ನೋಡುವುದೂ ಇದೇ ತತ್ವದ ಮೇಲೆ.

ಇನ್ನು ಸಂಗೀತದವರಿಗೇ ಮೀಸಲಾದ ಒಂದು ಬಾಧೆ ಇದೆ. ಸದ್ದು ಕೇಳುತ್ತದೆ, ಆದರೆ ಸ್ಥಾನ ಬದಲಾಗಿ ಕೇಳುತ್ತದೆ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿದ ಒಂದು ಕೊಳವೆ. ಅದರ ಉದ್ದಕ್ಕೂ ಸುಮಾರು 15,000 ರೋಮದ ಕಣಗಳು ಹಾರ್ಮೋನಿಯಂ ಮನೆಗಳಂತೆ ಸಾಲಾಗಿ ಇವೆ. ಬುಡದಲ್ಲಿ ಏರು ಸ್ವರ, ತುದಿಯಲ್ಲಿ ತಗ್ಗು ಸ್ವರ. ಒಂದು ಜಾಗದ ಕಣಗಳು ಪೆಟ್ಟು ತಿಂದರೆ ಆ ಸ್ವರಕ್ಕೆ ಪಕ್ಕದ ಮನೆಯವರು ಓಗೊಡುತ್ತಾರೆ. ಆಗ ಒಂದು ಕಿವಿಗೆ ಕಪ್ಪು ಎರಡು ಕಪ್ಪು ಎರಡಾಗಿಯೇ ಕೇಳಿದರೆ, ಇನ್ನೊಂದು ಕಿವಿಗೆ ಅದಕ್ಕಿಂತ ತುಸು ಏರಿಯೋ ಇಳಿದೋ ಕೇಳುತ್ತದೆ. ಎರಡೂ ಕಿವಿ ತೆರೆದು ಕೂತರೆ ಒಂದೇ ಶ್ರುತಿಪೆಟ್ಟಿಗೆಯಿಂದ ಎರಡು ಶ್ರುತಿ! ಮನುಷ್ಯರಲ್ಲಿ ಈ ಕಣಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಫ್ರಾನ್ಸಿನ ದೊಡ್ಡ ಸಂಗೀತಗಾರ ಗೇಬ್ರಿಯಲ್ ಫೋರೆ ಅವರಿಗೆ ಹೀಗೆಯೇ ಆಯಿತು. 1905ರಿಂದ 1920ರವರೆಗೆ ಪ್ಯಾರಿಸ್ಸಿನ ಸಂಗೀತ ಮಹಾವಿದ್ಯಾಲಯದ ಮುಖ್ಯಸ್ಥರಾಗಿದ್ದವರು. ಅವರ ಕಿವಿಗೆ ತಗ್ಗಿನ ಸ್ವರಗಳು ಏರಿ, ಏರಿನ ಸ್ವರಗಳು ಇಳಿದು ಕೇಳತೊಡಗಿದವು. ನಡುವಿನ ಸ್ವರಗಳು ಮಾತ್ರ ಸಣ್ಣದಾಗಿಯಾದರೂ ತಮ್ಮ ಜಾಗದಲ್ಲಿದ್ದವು. ಸಂಗೀತ ಕಲಿಸುವ ಶಾಲೆಯ ಯಜಮಾನನಿಗೇ ಸಂಗೀತ ವಿಕಾರವಾಗಿ ಕೇಳುವುದೆಂದರೆ! ವಿಷಯವನ್ನು ಆದಷ್ಟು ದಿನ ಗುಟ್ಟಾಗಿಯೇ ಇಟ್ಟುಕೊಂಡರು. ಬರೆಯುವುದನ್ನು ಮಾತ್ರ ಬಿಡಲಿಲ್ಲ. 1924ರಲ್ಲಿ ತೀರಿಕೊಳ್ಳುವ ಸ್ವಲ್ಪ ಮೊದಲು ಅವರು ಮುಗಿಸಿದ ನಾಲ್ಕು ತಂತಿವಾದ್ಯಗಳ ಕೃತಿಯನ್ನು ಅವರು ಕೇಳಿದ್ದು ಮನಸ್ಸಿನ ಕಿವಿಯಲ್ಲಿ ಮಾತ್ರ. ರಷ್ಯದ ಪಿಯಾನೋ ವಾದಕ ಸ್ವ್ಯಾತೊಸ್ಲಾವ್ ರಿಕ್ಟರ್ ಅವರದ್ದು ಇನ್ನೊಂದು ಬಗೆ. ಯಾವ ಸ್ವರ ಕೇಳಿದರೂ ಹೆಸರು ಹೇಳಬಲ್ಲವರು. ಮುಪ್ಪಿನಲ್ಲಿ ಎಲ್ಲವೂ ಇರುವುದಕ್ಕಿಂತ ಮೇಲಕ್ಕೆ ಕೇಳತೊಡಗಿತು. ಬೆರಳು ಒಂದು ಮನೆ ಒತ್ತಿದರೆ ಕಿವಿ ಇನ್ನೊಂದು ಮನೆ ಹೇಳುತ್ತದೆ. ಕೊನೆಯ ವರ್ಷಗಳಲ್ಲಿ ಅವರು ಬಾಯಿಪಾಠ ಬಿಟ್ಟು, ಕತ್ತಲೆ ಸಭೆಯಲ್ಲಿ ಸಣ್ಣ ದೀಪ ಇಟ್ಟುಕೊಂಡು, ಪುಸ್ತಕ ನೋಡಿಯೇ ನುಡಿಸುತ್ತಿದ್ದರು. ಕಿವಿಯನ್ನು ನಂಬಲಾಗದಿದ್ದರೆ ಕಣ್ಣನ್ನು ನಂಬುವುದು.

ಯಕ್ಷಗಾನದಲ್ಲಿ ಪುಸ್ತಕ ನೋಡಿ ಹಾಡುವುದಕ್ಕೇನೂ ಅಡ್ಡಿಯಿಲ್ಲ, ಪ್ರಸಂಗದ ಪುಸ್ತಕ ಎದುರಿಗೇ ಇರುತ್ತದೆ. ಆದರೆ ಆ ಪುಸ್ತಕದಲ್ಲಿ ಶ್ರುತಿ ಬರೆದಿಲ್ಲವಲ್ಲ!

ಸಂಶಯ ಬಂದವರು ಮಾಡಬೇಕಾದ್ದು ಇಷ್ಟೇ. ಮನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಹಾಕಿ, ಒಂದು ಕಿವಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಕೇಳುವುದು, ಆಮೇಲೆ ಇನ್ನೊಂದು. ಎರಡೂ ಕಡೆ ಒಂದೇ ಷಡ್ಜವೇ? ಸಾಮಾನ್ಯ ಜನರಿಗೆ ಕೂದಲೆಳೆಯ ವ್ಯತ್ಯಾಸ ಇದ್ದರೂ ಗೊತ್ತಾಗುವುದಿಲ್ಲ. ಶ್ರುತಿಯ ಮೇಲೆಯೇ ಬದುಕಿದವರಿಗೆ ಕೂಡಲೇ ಗೊತ್ತಾಗುತ್ತದೆ. ನಿನ್ನೆ ಇಲ್ಲದ ವ್ಯತ್ಯಾಸ ಇವತ್ತು ಉಂಟು ಅಂತಾದರೆ ಕಿವಿಯ ಡಾಕ್ಟರರಿಗೆ ಹೇಳುವ ಮೊದಲ ಮಾತು ಅದೇ ಆಗಬೇಕು.

ಈ ಸಂಗತಿಯೂ ತಿಳಿದಿರಲಿ: ಫಿಟ್ಸಿಗೆ, ಮುಖದ ನರದ ನೋವಿಗೆ ಕೊಡುವ ಕಾರ್ಬಮಜೆಪಿನ್ ಎಂಬ ಮಾತ್ರೆಯಿಂದ ಕೆಲವರಿಗೆ ಎಲ್ಲಾ ಸ್ವರಗಳೂ ಸುಮಾರು ಅರ್ಧ ಮನೆ ಇಳಿದು ಕೇಳುವುದುಂಟು. ಸ್ವರಜ್ಞಾನ ಗಟ್ಟಿಯಿದ್ದ ಸಂಗೀತಗಾರರೇ ಇದನ್ನು ಕಂಡುಹಿಡಿದು ಹೇಳಿದ್ದು. ಹೆಚ್ಚಿನ ವರದಿಗಳು ಜಪಾನಿನವು. ಮಾತ್ರೆ ನಿಂತರೆ ಸರಿಯಾಗುತ್ತದೆ. ಹಾಗಂತ ಯಾರೂ ತಾವಾಗಿ ನಿಲ್ಲಿಸಬಾರದು. ಫಿಟ್ಸ್ ಮರುಕಳಿಸಿದರೆ ಶ್ರುತಿಗಿಂತ ದೊಡ್ಡ ಅಪಾಯ. ಡಾಕ್ಟರರಿಗೆ "ನಾನು ಹಾಡುವವ" ಎಂದು ಹೇಳಿದರೆ ಬೇರೆ ಮಾತ್ರೆ ನೋಡಬಹುದೋ ಎಂದು ಅವರು ಯೋಚಿಸುತ್ತಾರೆ. ಎಷ್ಟು ಮಂದಿ ಹೇಳುತ್ತಾರೆ? ಉದ್ಯೋಗ ಕೇಳಿದರೆ 'ಕೃಷಿ' ಎಂದು ಬರೆಸಿ ಸುಮ್ಮನಾಗುವವರೇ ನಮ್ಮಲ್ಲಿ ಹೆಚ್ಚು.

ಹಠಾತ್ತಾಗಿ ಬರುವುದರ ಮಾತಾಯಿತು. ದಿನಾ ಸ್ವಲ್ಪ ಸ್ವಲ್ಪ ತಿನ್ನುವುದು ಸದ್ದು.

ಹಿಮ್ಮೇಳದ ಜಾಗವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಭಾಗವತರು, ಮದ್ದಳೆ, ಪಕ್ಕದಲ್ಲೇ ಚೆಂಡೆ. ಗುಡ್ಡೆಯಾಚೆಗೆ ಆಟ ಉಂಟೆಂದು ಸಾರುವುದಕ್ಕೆ ಇದ್ದ ವಾದ್ಯ ಅದು. ಮೈಕಿಲ್ಲದ ಕಾಲದಲ್ಲಿ ಬಯಲಿನ ಕೊನೆಯ ಸಾಲಿಗೆ ಕೇಳಬೇಕಾದರೆ ಭಾಗವತನ ಕಂಠ ಚೆಂಡೆಯ ಮೇಲೆ ಏರಬೇಕಿತ್ತು. ಏರು ಶ್ರುತಿಯ ಹಾಡಿಕೆ ಹುಟ್ಟಿದ್ದೇ ಹಾಗೆ. ಮೂಡುಬಿದಿರೆ ಸಮೀಪದ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು (1938–2023) ಆ ಪರಂಪರೆಯ ಕಂಠ. ಕೇಳಿದವರು ಇಂದಿಗೂ ಮರೆತಿಲ್ಲ. ಈಗ ಮೈಕು ಬಂದು ಆ ಕಷ್ಟ ತಪ್ಪಿತು ಎನ್ನುತ್ತೇವೆ. ತಪ್ಪಿದ್ದು ಗಂಟಲಿನ ಕಷ್ಟ. ಕಿವಿಯ ಕಷ್ಟ ಇಮ್ಮಡಿಯಾಯಿತು! ಪಕ್ಕದಲ್ಲಿ ಚೆಂಡೆ, ಎದುರಿನಲ್ಲಿ ಸ್ಪೀಕರು. ಚೆಂಡೆಯವರು ಭಾಗವತರ ಸ್ವರ ಕೇಳದೆ ಸ್ಪೀಕರು ಏರಿಸಿ ಎನ್ನುತ್ತಾರೆ, ಸ್ಪೀಕರು ಏರಿದ ಮೇಲೆ ಚೆಂಡೆಯ ಪೆಟ್ಟೂ ಏರುತ್ತದೆ. ಹರಾಜಿನಲ್ಲಿ ಇಬ್ಬರು ಹಟಕ್ಕೆ ಬಿದ್ದ ಹಾಗೆ.

ಅಂಗಡಿಯವರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ಸರಕಾರಿ ಸಂಸ್ಥೆಯ ಪ್ರಕಾರ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಮೂರು ಡೆಸಿಬಲ್ ಏರಿದ ಹಾಗೆಲ್ಲ ಸಮಯ ಅರ್ಧ. 88 ಆದರೆ 4 ಗಂಟೆ, 91 ಆದರೆ 2 ಗಂಟೆ, 94 ಆದರೆ ಒಂದೇ ಗಂಟೆ, 100 ಮುಟ್ಟಿದರೆ ಕಾಲು ಗಂಟೆ. ರಾತ್ರಿಯಿಡೀ ಆಟ ಎಷ್ಟು ಗಂಟೆಯದ್ದು, ತಿರುಗಾಟ ಎಷ್ಟು ತಿಂಗಳಿನದ್ದು, ನೀವೇ ಗುಣಿಸಿ ನೋಡಿ. ಮೀಟರು ಬಡ್ಡಿಯೂ ಇಷ್ಟು ಬೇಗ ಬೆಳೆಯುವುದಿಲ್ಲ. (ಬಸ್ಸಿನ ಇಂಜಿನ್ ಸದ್ದು ಮೀರಿಸಲು ಇಯರ್‌ಫೋನಿನ ಸದ್ದು ಪೂರ್ತಿ ಏರಿಸಿ ಕೂರುವ ಕಾಲೇಜು ಹುಡುಗರಿಗೂ ಇದೇ ಲೆಕ್ಕ ಅನ್ವಯ.)

ಲಂಡನ್ನಿನಲ್ಲಿ ಇದೇ ವಿಷಯ ಕೋರ್ಟಿಗೆ ಹೋಯಿತು. ಅಲ್ಲಿನ ರಾಯಲ್ ಒಪೆರಾ ಹೌಸ್‌ನ ವಾದ್ಯಗೋಷ್ಠಿಯಲ್ಲಿ ವಯೋಲಾ ನುಡಿಸುತ್ತಿದ್ದ ಕ್ರಿಸ್ಟೋಫರ್ ಗೋಲ್ಡ್‌ಶೈಡರ್ ಅವರನ್ನು 2012ರಲ್ಲಿ ಒಂದು ತಾಲೀಮಿಗೆ ಕಹಳೆಯವರ ಮುಂದೆಯೇ ಕೂರಿಸಿದ್ದರು. ಸದ್ದು ಕೆಲವು ಕ್ಷಣ 130 ಡೆಸಿಬಲ್ ದಾಟಿತ್ತು. ಅಲ್ಲಿಗೆ ಅವರ ವೃತ್ತಿ ಮುಗಿಯಿತು. ಸಾಮಾನ್ಯ ಸದ್ದೂ ಕಿವಿಗೆ ಚುಚ್ಚುವ ಸ್ಥಿತಿ. ಸಂಸ್ಥೆಯ ವಾದವೇನು? ಸಂಗೀತ ಎಂದ ಮೇಲೆ ಸದ್ದು ಇದ್ದೇ ಇರುತ್ತದೆ, ಅದು ಕಾರ್ಖಾನೆಯ ಗದ್ದಲ ಅಲ್ಲ, ಕಲೆ. 2018ರಲ್ಲಿ ಕೋರ್ಟು ಈ ವಾದ ಒಪ್ಪಲಿಲ್ಲ; 2019ರಲ್ಲಿ ಮೇಲ್ಮನವಿಯಲ್ಲೂ ವಾದಕನೇ ಗೆದ್ದರು. ಕಲೆಯ ಸದ್ದೂ ಕಿವಿಗೆ ಸದ್ದೇ ಎಂದು ಇತ್ಯರ್ಥವಾಯಿತು.

ನಮ್ಮಲ್ಲಿ? 1948ರ ಫ್ಯಾಕ್ಟರಿ ಕಾಯ್ದೆಯು ಸದ್ದಿನಿಂದ ಬರುವ ಕಿವುಡನ್ನು ಉದ್ಯೋಗದ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿತ್ತು. ಆದರೆ ರಂಗಸ್ಥಳ ಫ್ಯಾಕ್ಟರಿ ಅಲ್ಲ. 2000ದ ಶಬ್ದಮಾಲಿನ್ಯ ನಿಯಮ ನೋಡಿಕೊಳ್ಳುವುದು ನೆರೆಹೊರೆಯವರ ನಿದ್ದೆಯನ್ನು. ಸ್ಪೀಕರಿನ ಬುಡದಲ್ಲಿ ಕೂತವನ ಕಿವಿಯನ್ನಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶ್ರವಣದೋಷ ಎನ್ನಬೇಕಾದರೆ ಎರಡೂ ಕಿವಿಯಲ್ಲಿ, ಅದೂ ಮಾತಿನ ಸ್ವರಸ್ಥಾನಗಳಲ್ಲಿ, ಕನಿಷ್ಠ 60 ಡೆಸಿಬಲ್ ನಷ್ಟವಾಗಿರಬೇಕು. ಒಂದೇ ಕಿವಿ ಪೂರ್ತಿ ಹೋದ ಮದ್ದಳೆಯವನು, ಎರಡು ಕಿವಿಗೆ ಎರಡು ಶ್ರುತಿ ಕೇಳುವ ಭಾಗವತ, ಸರಕಾರದ ಕಾಗದದಲ್ಲಿ ಇಬ್ಬರೂ ಆರೋಗ್ಯವಂತರು! ಮೇಳದಲ್ಲಿ ಕೆಲಸ ಇಲ್ಲ, ಕಚೇರಿಯಲ್ಲಿ ಸರ್ಟಿಫಿಕೇಟೂ ಇಲ್ಲ.

ಕಿವಿ ಹೋದ ಮೇಲೆ ಕಲೆ ಮುಗಿಯಿತು ಎಂದೇನೂ ಅಲ್ಲ. ಸ್ಕಾಟ್ಲೆಂಡಿನ ಎವೆಲಿನ್ ಗ್ಲೆನಿ ಎಂಬಾಕೆಗೆ 12ನೇ ವಯಸ್ಸಿಗೇ ಕಿವಿ ಬಹುಪಾಲು ಹೋಗಿತ್ತು. ಬರಿಗಾಲಲ್ಲಿ ನಿಂತು, ಕಂಪನವನ್ನು ಮೈಯಲ್ಲಿ ಹಿಡಿದು ತಾಳವಾದ್ಯ ನುಡಿಸುವ ಅವರು ಜಗತ್ಪ್ರಸಿದ್ಧರು. ಚೆಂಡೆ ಮದ್ದಳೆಯವರಿಗೆ ಇದು ಅರ್ಥವಾಗುವ ಮಾತು. ಹಾಡುವವರಿಗೆ ದಾರಿ ಸ್ವಲ್ಪ ಕಷ್ಟ. ಒಂದು ಕಿವಿ ಸರಿಯಿದ್ದರೆ ಶ್ರುತಿಪೆಟ್ಟಿಗೆಯನ್ನು ಆ ಕಡೆಗೇ ಇಟ್ಟುಕೊಳ್ಳುವುದು, ಚೆಂಡೆಯನ್ನು ಇನ್ನೊಂದು ಬದಿಗೆ ಸರಿಸುವುದು. ಶ್ರವಣಯಂತ್ರ ಹಾಕಿಕೊಳ್ಳುವವರಿಗೆ ಒಂದು ಎಚ್ಚರಿಕೆ: ಈ ಯಂತ್ರಗಳನ್ನು ಕೂರಿಸಿರುವುದು ಮಾತಿಗೆ, ಹಾಡಿಗಲ್ಲ. ಎಳೆದು ಹಾಡಿದ ಸ್ವರವನ್ನು ಯಂತ್ರವು ಸೀಟಿ ಹೊಡೆಯುತ್ತಿದೆ ಎಂದು ತಪ್ಪು ತಿಳಿದು ಅದುಮಲು ಹೋಗುತ್ತದೆ, ಸ್ವರ ನಡುಗಿದ ಹಾಗೆ ಕೇಳುತ್ತದೆ. ಸಂಗೀತಕ್ಕೆಂದೇ ಬೇರೆ ಸೆಟ್ಟಿಂಗ್ ಮಾಡಿಕೊಡಿ ಎಂದು ಕೇಳಿದರೆ ಮಾಡಿಕೊಡುತ್ತಾರೆ. ಕೇಳದಿದ್ದರೆ ಇಲ್ಲ.

ಕಿವಿ ಉಳಿಸಿಕೊಳ್ಳಲು ದೊಡ್ಡ ಖರ್ಚೇನೂ ಇಲ್ಲ. ಬಯಲಿನಲ್ಲಿ ಸದ್ದಿನ ಮೂಲದಿಂದ ಇರುವ ದೂರ ಇಮ್ಮಡಿಯಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಮೇಲಿನ ಲೆಕ್ಕದಲ್ಲಿ ಕಿವಿಗೆ ನಾಲ್ಕು ಪಟ್ಟು ಸಮಯ ಸಿಕ್ಕಿತು. ಎರಡು ಮೊಳದಲ್ಲಿರುವ ಸ್ಪೀಕರನ್ನು ನಾಲ್ಕು ಮೊಳಕ್ಕೆ ಸರಿಸಲು ಮೈಕಿನ ಹುಡುಗನಿಗೆ ಎರಡು ನಿಮಿಷ ಸಾಕು. ಹತ್ತಿ ತುರುಕಿಕೊಳ್ಳುವುದರಲ್ಲಿ ಅರ್ಥವಿಲ್ಲ, ಸದ್ದು ಮಂದವಾದಂತೆ ಅನಿಸುತ್ತದೆ, ರಕ್ಷಣೆ ಅಷ್ಟಕ್ಕಷ್ಟೆ. ಎಲ್ಲಾ ಸ್ವರಗಳನ್ನೂ ಸಮವಾಗಿ ತಗ್ಗಿಸುವ, ಸಂಗೀತದವರಿಗೆಂದೇ ಮಾಡಿದ ಬಿರಡೆಗಳು ಈಗ ಸಿಗುತ್ತವೆ.

ಪರೀಕ್ಷೆಗೆ ಜಾಗವೂ ಇಲ್ಲದಿಲ್ಲ. ಬೆಳ್ತಂಗಡಿಯಲ್ಲಿ ತಾಲೂಕು ಆಸ್ಪತ್ರೆ ಉಂಟು. ಮಂಗಳೂರಿನಲ್ಲಿ ವೆನ್ಲಾಕ್ ಜಿಲ್ಲಾಸ್ಪತ್ರೆ ಉಂಟು. ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆಯಲ್ಲಿ, ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಶ್ರವಣ ವಿಭಾಗಗಳೇ ಇವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತೂ ದೇಶಕ್ಕೇ ದೊಡ್ಡದು. ಕೇಂದ್ರ ಸರಕಾರದ ಕಿವುಡುತನ ತಡೆ ಕಾರ್ಯಕ್ರಮ 2007ರಲ್ಲೇ ಶುರುವಾಗಿದೆ. ಶಾಲೆಯ ಮಕ್ಕಳ ಕಿವಿ ನೋಡುತ್ತಾರೆ, ಒಳ್ಳೆಯದೇ. ಹಿಮ್ಮೇಳದವರ ಕಿವಿ ನೋಡುವವರು ಯಾರು?

ಮೇಳದ ಯಜಮಾನರು ಮನಸ್ಸು ಮಾಡಿದರೆ ಇದು ಒಂದು ಬೆಳಗ್ಗಿನ ಕೆಲಸ. ಮೇ ತಿಂಗಳ ಕೊನೆಗೆ ಪತ್ತನಾಜೆ, ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವ ದಿನ. ಮತ್ತೆ ದೀಪಾವಳಿ ಕಳೆಯುವವರೆಗೆ ದೊಡ್ಡ ಮೇಳಗಳಿಗೆ ಬಿಡುವು. ಮಳೆಗಾಲದಲ್ಲಿ ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುವವರಿಗೂ ಹಗಲು ಬಿಡುವೇ. ಪತ್ತನಾಜೆ ಆದ ಎರಡು ಮೂರು ದಿನ ಕಳೆದು, ಕಿವಿ ಸದ್ದಿನಿಂದ ಸ್ವಲ್ಪ ಸುಧಾರಿಸಿದ ಮೇಲೆ, ಹಿಮ್ಮೇಳದವರನ್ನೆಲ್ಲ ಒಂದೇ ವ್ಯಾನಿನಲ್ಲಿ ಕೂರಿಸಿ ಪರೀಕ್ಷೆ ಮಾಡಿಸಿ, ಚೀಟಿಯನ್ನು ಅವರವರ ಕೈಗೇ ಕೊಡಬೇಕು. ಯಜಮಾನರ ಕೈಗೆ ಬೇಡ, ಕೆಲಸ ಹೋಗುವ ಹೆದರಿಕೆ ಇದ್ದರೆ ಯಾರೂ ವ್ಯಾನು ಹತ್ತಲಿಕ್ಕಿಲ್ಲ. ಮುಂದಿನ ವರ್ಷ ಅದೇ ದಿನ ಇನ್ನೊಂದು ಚೀಟಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ತಿರುಗಾಟ ಕಿವಿಯಿಂದ ಎಷ್ಟು ವಸೂಲು ಮಾಡಿತು ಎಂದು ಅಂಗಡಿಯ ಖಾತೆಯಷ್ಟೇ ಸ್ಪಷ್ಟವಾಗಿ ತಿಳಿಯುತ್ತದೆ. ಹೋಗುವವರು ಶ್ರುತಿಪೆಟ್ಟಿಗೆಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಲಿ. ಪರೀಕ್ಷೆಯ ಯಂತ್ರ 'ಪೀಂ' ಎನ್ನುವುದು ಕೇಳುತ್ತದೋ ಇಲ್ಲವೋ ಎಂದಷ್ಟೇ ಅಲ್ಲಿ ಕೇಳುತ್ತಾರೆ. ಎರಡು ಕಿವಿಗೂ ಷಡ್ಜ ಒಂದೇ ಉಂಟೋ ಎಂಬುದನ್ನು ಕಲಾವಿದರೇ ಬಾಯಿಬಿಟ್ಟು ಹೇಳಬೇಕು.